ಊರಿಗೊಂದು ಸಂಗೀತ ತರಗತಿ, ತಿಂಗಳಿಗೊಂದು ವೇದಿಕೆ

ನಮ್ಮ ಕರಾವಳಿಯ ಚರ್ಚುಗಳಲ್ಲಿ ಇಂದು ವಾದ್ಯಗಳಿಗೆ ಬರವಿಲ್ಲ. ಕೊಯರ್ ಕುಳಿತುಕೊಳ್ಳುವ ಮೂಲೆಯಲ್ಲಿ ಬಟ್ಟೆ ಹೊದೆಸಿಟ್ಟ ಕೀಬೋರ್ಡ್ ಇರುತ್ತದೆ, ಗೋಡೆಗೆ ಒರಗಿಸಿಟ್ಟ ಗಿಟಾರ್ ಇರುತ್ತದೆ, ಕೆಲವೆಡೆ ತಬಲ ಜೋಡಿಯೂ ಒಂದು ಹಳೆಯ ಹಾರ್ಮೋನಿಯಂ ಕೂಡ ಕಾಣಸಿಗುತ್ತದೆ. ಹೆಚ್ಚಿನವು ದಾನಿಗಳು ಕೊಟ್ಟದ್ದು, ಇಲ್ಲವೇ ಗಲ್ಫ್‌ನಲ್ಲಿರುವ ಊರಿನವರು ರಜೆಗೆ ಬಂದಾಗ ತಂದುಕೊಟ್ಟದ್ದು. ಆದರೆ ಇವುಗಳನ್ನು ನುಡಿಸುವವರು ಎಷ್ಟು ಮಂದಿ ಎಂದು ಕೇಳಿದರೆ, ಬರುವ ಉತ್ತರ ಬಹುತೇಕ ಕಡೆ ಒಂದೇ: ಒಬ್ಬ ಹುಡುಗ ಇದ್ದಾನೆ.

ಆ ಒಬ್ಬ ಹುಡುಗ ಪದವಿ ಮುಗಿಸಿ ಬೆಂಗಳೂರಿಗೋ ದುಬಾಯಿಗೋ ಹೊರಟ ವಾರದಿಂದಲೇ ಕೊಯರಿನ ಕಷ್ಟ ಆರಂಭವಾಗುತ್ತದೆ. ಕೆಲವು ಭಾನುವಾರ ಪಕ್ಕದ ಚರ್ಚಿನಿಂದ ಯಾರನ್ನಾದರೂ ಕರೆಸುತ್ತಾರೆ. ವಾರ್ಷಿಕ ಹಬ್ಬಕ್ಕೆ ಸಂಭಾವನೆ ಕೊಟ್ಟು ಕರೆಸುತ್ತಾರೆ. ಕೊನೆಗೆ ಯಾರೋ ಒಬ್ಬರು ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿದರೆ ಆಗದೇ ಎಂದು ಕೇಳುತ್ತಾರೆ. ಅಲ್ಲಿಗೆ ಊರಿನ ಸಂಗೀತ ಒಂದು ಪೆನ್‌ಡ್ರೈವಿನೊಳಗೆ ಹೋಗಿ ಕುಳಿತಂತೆಯೇ.

ವಿಚಿತ್ರವೆಂದರೆ, ಅದೇ ಊರಿನ ಎಷ್ಟೋ ಮಕ್ಕಳು ವಾರಕ್ಕೆರಡು ದಿನ ಪೇಟೆಗೆ ಸಂಗೀತ ಕಲಿಯಲು ಹೋಗುತ್ತಿರುತ್ತಾರೆ. ತಂದೆತಾಯಿ ಫೀಸು ಕಟ್ಟುತ್ತಾರೆ, ಸ್ಕೂಟರಿನಲ್ಲಿ ಕರೆದೊಯ್ದು ಹೊರಗೆ ಕಾಯುತ್ತಾರೆ. ಗೋಡೆಯ ಮೇಲೆ ಪ್ರಮಾಣಪತ್ರಗಳೂ ತೂಗುತ್ತಿರುತ್ತವೆ. ಹಾಗಿದ್ದರೂ ಚರ್ಚಿನ ಕೀಬೋರ್ಡ್ ಹೊದಿಕೆಯ ಅಡಿಯಲ್ಲೇ ಇರುತ್ತದೆ. ಈ ಎರಡು ಸಂಗತಿಗಳು ಒಂದನ್ನೊಂದು ಏಕೆ ಸಂಧಿಸುತ್ತಿಲ್ಲ, ಸಂಧಿಸುವಂತೆ ಮಾಡಲು ಒಂದು ಧರ್ಮಕೇಂದ್ರದಿಂದ ಏನು ಸಾಧ್ಯ ಎಂಬುದನ್ನು ವಿವರಿಸುವುದೇ ನಮ್ಮ ಈ ಲೇಖನದ ಉದ್ದೇಶ.

ಪರೀಕ್ಷೆ ಪಾಸಾದರೂ ಹಾಡಿಗೆ ನುಡಿಸಲು ಬಾರದು

ಪಾಶ್ಚಾತ್ಯ ಸಂಗೀತ ಕಲಿಯುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬರೆಯುವುದು ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ, ಇಲ್ಲವೇ ಎಬಿಆರ್‌ಎಸ್‌ಎಮ್ ಎಂದು ಕರೆಯಲ್ಪಡುವ, 1889ರಲ್ಲಿ ಸ್ಥಾಪನೆಯಾದ ಮಂಡಳಿಯ ಪರೀಕ್ಷೆ. ಎರಡರಲ್ಲೂ ಆರಂಭದ ಹಂತದ ಬಳಿಕ ಒಂದರಿಂದ ಎಂಟರವರೆಗೆ ಗ್ರೇಡುಗಳಿವೆ. ಎಬಿಆರ್‌ಎಸ್‌ಎಮ್‌ನ ಪ್ರಾಯೋಗಿಕ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಒಟ್ಟು 150 ಅಂಕ, ಉತ್ತೀರ್ಣರಾಗಲು 100 ಬೇಕು. ಇದರಲ್ಲಿ ಸಿದ್ಧಪಡಿಸಿಕೊಂಡು ಬಂದ ಮೂರು ಕೃತಿಗಳಿಗೆ ತಲಾ 30ರಂತೆ 90 ಅಂಕ. ಉಳಿದ 60 ಅಂಕ ಸ್ಕೇಲುಗಳಿಗೆ, ಮೊದಲು ಕಾಣದ ಸ್ವರಲಿಪಿಯನ್ನು ನೋಡಿ ನುಡಿಸುವುದಕ್ಕೆ ಮತ್ತು ಕಿವಿಯ ಪರೀಕ್ಷೆಗೆ ಹಂಚಿಹೋಗುತ್ತದೆ.

ಈ ಪರೀಕ್ಷೆಗಳನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬೆರಳಿಗೆ ಶಿಸ್ತು, ಕಣ್ಣಿಗೆ ಸ್ವರಲಿಪಿ ಓದುವ ಅಭ್ಯಾಸ, ಮನಸ್ಸಿಗೆ ತಾಳ್ಮೆ ಇವುಗಳಿಂದ ಬರುತ್ತವೆ. ಆದರೆ ನಮ್ಮಲ್ಲಿ ನಡೆಯುತ್ತಿರುವುದೇನು? ಮಗು ಇಡೀ ವರ್ಷ ಆ ಮೂರು ಕೃತಿಗಳನ್ನೇ ತಿಕ್ಕಿ ತಿಕ್ಕಿ ನುಡಿಸುತ್ತದೆ. ಪರೀಕ್ಷಕರ ಮುಂದೆ ಹತ್ತು ಹದಿನೈದು ನಿಮಿಷ ನುಡಿಸಿ ಬರುತ್ತದೆ. ಮರುದಿನದಿಂದ ಮುಂದಿನ ಗ್ರೇಡಿನ ಮೂರು ಕೃತಿಗಳು. ಆ ಪರೀಕ್ಷಕರ ಹೊರತು ಬೇರೆ ಯಾರೂ ಅದನ್ನು ಕೇಳಿರುವುದಿಲ್ಲ. ಎಸ್‌ಎಸ್‌ಎಲ್‌ಸಿ ಬಂತು ಎಂದಾಗ ತರಗತಿ ನಿಲ್ಲುತ್ತದೆ, ಬಹಳ ಮಂದಿಗೆ ಅದೇ ಕೊನೆ.

ಇಂತಹ ನಾಲ್ಕನೇ ಗ್ರೇಡಿನ ಮಗುವನ್ನು ಚರ್ಚಿನ ಕೀಬೋರ್ಡಿನ ಮುಂದೆ ಕುಳ್ಳಿರಿಸಿ ನೋಡಿ. ಕೊಯರಿನ ಹಿರಿಯರೊಬ್ಬರು ತಮ್ಮ ಸ್ವರಕ್ಕೆ ಹೊಂದುವ ಶ್ರುತಿಯಲ್ಲಿ ಹಾಡು ಎತ್ತಿಕೊಳ್ಳುತ್ತಾರೆ. ಅದು ಯಾವ ಶ್ರುತಿ ಎಂದು ಕಿವಿಯಿಂದಲೇ ಹಿಡಿಯಬೇಕು. ಪುಸ್ತಕದಲ್ಲಿ ಸಾಹಿತ್ಯ ಮಾತ್ರ ಇರುತ್ತದೆ, ಸ್ವರಲಿಪಿ ಇಲ್ಲ. ಕಾರ್ಡ್‌ಗಳನ್ನು ತಾನೇ ಹುಡುಕಬೇಕು, ಜನ ಎಳೆದು ಹಾಡಿದರೆ ತಾನೂ ನಿಧಾನಿಸಬೇಕು, ಕಾಣಿಕೆ ಮೆರವಣಿಗೆ ಮುಗಿಯದಿದ್ದರೆ ಇನ್ನೊಂದು ಸಲ ಪಲ್ಲವಿಗೆ ಮರಳಬೇಕು. ಇದಾವುದನ್ನೂ ಆ ಮಗುವಿಗೆ ಯಾರೂ ಕಲಿಸಿಲ್ಲ. ಹಾಗಾಗಿ ಅದು ಕೈಕಟ್ಟಿ ಕುಳಿತುಕೊಳ್ಳುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ತರಗತಿಯ ಮೆಟ್ಟಿಲು ಹತ್ತದೆ ಚರ್ಚಿನಲ್ಲೇ ನೋಡಿ ನೋಡಿ ಕಲಿತ ಹುಡುಗನಿರುತ್ತಾನೆ. ಅವನ ಕಿವಿ ಚುರುಕು. ಆದರೆ ಅವನಿಗೆ ಬರುವುದು ‘ಸಿ’ ಸ್ಕೇಲ್ ಒಂದೇ. ಬಿಳಿ ಕೀಲಿಗಳಲ್ಲಿ ಬೆರಳಾಡಿಸುತ್ತಾ, ಹಾಡಿನ ಶ್ರುತಿ ಬದಲಾದಾಗಲೆಲ್ಲ ‘ಟ್ರಾನ್ಸ್‌ಪೋಸ್’ ಗುಂಡಿ ಒತ್ತುತ್ತಾನೆ. ಎಡಗೈಗೆ ಯಂತ್ರದ ತಾಳ ಜೊತೆಗೂಡುತ್ತದೆ. ಹತ್ತು ವರ್ಷ ನುಡಿಸಿದ ಮೇಲೂ ಅವನು ಆರಂಭಿಸಿದ ಕಡೆಯೇ ಇರುತ್ತಾನೆ, ತಾನು ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಲೂ ಅವನಿಂದ ಆಗುವುದಿಲ್ಲ.

ಒಬ್ಬರಿಗೆ ಪಾಠ ಸಿಕ್ಕಿದೆ, ಕೇಳುಗರು ಸಿಕ್ಕಿಲ್ಲ. ಇನ್ನೊಬ್ಬರಿಗೆ ಕೇಳುಗರು ಸಿಕ್ಕಿದ್ದಾರೆ, ಪಾಠ ಸಿಕ್ಕಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕರಾವಳಿಯ ಚರ್ಚ್ ಸಂಗೀತದ ಕಾಯಿಲೆಯ ಮೂಲ ಇದೇ.

ಗೋವೆಯ ಚರ್ಚ್ ಶಾಲೆಗಳು

ಇವೆರಡೂ ಒಂದೇ ಅಂಗಳದಲ್ಲಿ ಸಿಗುತ್ತಿದ್ದ ಕಾಲವೊಂದಿತ್ತು. ಮಂಗಳೂರಿನ ಕೊಂಕಣಿ ಕೆಥೊಲಿಕರಲ್ಲಿ ಹೆಚ್ಚಿನವರ ಪೂರ್ವಜರು ಗೋವೆಯಿಂದ ಬಂದವರು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆ ಗೋವೆಯಲ್ಲಿ ಪೋರ್ಚುಗೀಸರ ಕಾಲದಿಂದ ಚರ್ಚುಗಳಿಗೆ ಹೊಂದಿಕೊಂಡು ಶಾಲೆಗಳಿದ್ದವು. ಅಲ್ಲಿ ಪ್ರಾರ್ಥನೆ, ಅಕ್ಷರ ಕಲಿಸುವುದರೊಂದಿಗೆ ಸಂಗೀತವನ್ನೂ ಕಲಿಸುತ್ತಿದ್ದರು. ಕಲಿಸುವವರನ್ನು ‘ಮೆಸ್ತ್ರಿ’ ಎನ್ನುತ್ತಿದ್ದರು. ಮೊದಲು ಸೊಲ್ಫೆಜ್, ಅಂದರೆ ಡೊ ರೆ ಮಿ ಎಂದು ಸ್ವರಗಳನ್ನು ಹೆಸರಿಟ್ಟು ಹಾಡುವ ಪಾಠ. ಆಮೇಲೆ ಪಿಟೀಲು. ಕಲಿತ ಹುಡುಗ ಅದೇ ಚರ್ಚಿನ ಕೊಯರಿನಲ್ಲಿ, ಹಬ್ಬದ ನೊವೆನಾದಲ್ಲಿ, ಊರಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದ. ಬಡವರ ಮಕ್ಕಳೂ ಇದರಿಂದ ಸ್ವರಲಿಪಿ ಓದಬಲ್ಲವರಾದರು.

ಈ ಶಾಲೆಗಳ ಫಲ ಉಂಡದ್ದು ಹಿಂದಿ ಚಿತ್ರರಂಗ. ಮುಂಬಯಿಯ ಚಿತ್ರಸಂಗೀತಕ್ಕೆ ವಾದ್ಯವೃಂದ ಬೇಕಾದಾಗ ಸ್ವರಲಿಪಿ ನೋಡಿ ಒಟ್ಟಾಗಿ ನುಡಿಸಬಲ್ಲವರು ಗೋವೆಯವರೇ ಆಗಿದ್ದರು. ಮಜೋರ್ಡಾ ಗ್ರಾಮದ ಆಂಟನಿ ಗೊನ್ಸಾಲ್ವಿಸ್ ಅವರ ತಂದೆ ಅಲ್ಲಿನ ಚರ್ಚಿನ ಕೊಯರ್ ಮಾಸ್ಟರ್ ಆಗಿದ್ದರು, ಮಗನಿಗೆ ಮೊದಲ ಪಾಠ ಅವರಿಂದಲೇ. ಮುಂದೆ ಮುಂಬಯಿಯಲ್ಲಿ ಹೆಸರಾಂತ ಪಿಟೀಲುವಾದಕರಾದ ಆಂಟನಿ ಅವರ ಬಳಿ ಪ್ಯಾರೇಲಾಲ್ ಶಿಷ್ಯರಾಗಿದ್ದರು. 1977ರ ‘ಅಮರ್ ಅಕ್ಬರ್ ಆಂಟನಿ’ ಚಿತ್ರದಲ್ಲಿ ನಾಯಕನ ಬಾಯಲ್ಲಿ ಬರುವ ಆ ಹೆಸರು ಗುರುವಿಗೆ ಶಿಷ್ಯ ಸಲ್ಲಿಸಿದ ಕಾಣಿಕೆ. ಹಾಡು ಎಲ್ಲರಿಗೂ ಗೊತ್ತು, ಹೆಸರಿನ ಹಿಂದಿದ್ದ ಮನುಷ್ಯ ಗೊತ್ತಿದ್ದವರು ಕಡಿಮೆ. ಅವರು 2012ರಲ್ಲಿ ತೀರಿಕೊಂಡರು.

ಗೋವೆಯಲ್ಲೂ ಈಗ ಆ ಚರ್ಚ್ ಶಾಲೆಗಳು ಹಿಂದಿನಂತೆ ಉಳಿದಿಲ್ಲ. 1952ರಲ್ಲಿ ಅಲ್ಲಿ ಸಂಗೀತ ಅಕಾಡೆಮಿ ಆರಂಭವಾಯಿತು, ಮುಂದೆ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತ ಕಲಿಸುವ ವ್ಯವಸ್ಥೆಯಾಯಿತು. 2009ರಲ್ಲಿ ವೈದ್ಯ ಹಾಗೂ ಪಿಟೀಲುವಾದಕ ಡಾ. ಲುಯಿಸ್ ಡಾಯಸ್ ಅವರು ಹಿಂದುಳಿದ ಮಕ್ಕಳಿಗೆ ಪಿಟೀಲು ಮುಂತಾದವನ್ನು ಕಲಿಸಲು ‘ಚೈಲ್ಡ್ಸ್ ಪ್ಲೇ ಇಂಡಿಯಾ’ ಎಂಬ ಸಂಸ್ಥೆಯನ್ನು ಕಟ್ಟಿದರು. ಒಂದು ಕಾಲದಲ್ಲಿ ಪ್ರತಿ ಚರ್ಚಿನ ಬಳಿಯೂ ಸಿಗುತ್ತಿದ್ದುದನ್ನು ಈಗ ಸಂಸ್ಥೆ ಕಟ್ಟಿ ಮರಳಿ ತರಬೇಕಾಗಿದೆ.

ನಮ್ಮ ಕಡೆಯಲ್ಲಿ ಮನೆಯೇ ಇನ್ನೊಂದು ಸಂಗೀತ ಶಾಲೆಯಾಗಿತ್ತು. ಮದುವೆಯ ಮುನ್ನಾದಿನದ ರೋಸ್ ಕಾರ್ಯಕ್ರಮದಲ್ಲಿ ಹಿರಿಯ ಹೆಂಗಸರು ವೊವಿಯೊ ಎತ್ತಿಕೊಂಡರೆ ಉಳಿದವರು ಸಾಲು ಹಿಂಬಾಲಿಸುತ್ತಿದ್ದರು. ಪುಸ್ತಕವಿಲ್ಲ, ಗುರುವೆಂಬ ಹೆಸರಿಲ್ಲ, ಆದರೆ ಹತ್ತು ಮದುವೆ ಕಂಡ ಹುಡುಗಿಗೆ ಹಾಡು ಬಾಯಿಗೆ ಬರುತ್ತಿತ್ತು. ಗುಮಟೆಯದ್ದೂ ಅದೇ ಕಥೆ. ಮಣ್ಣಿನ ಮಡಕೆಗೆ ಉಡದ ಚರ್ಮ ಬಿಗಿದು ಮಾಡುತ್ತಿದ್ದ ಈ ವಾದ್ಯಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ತೊಡಕು ಬಂತು. ಈಗ ಆಡಿನ ಚರ್ಮ ಬಳಸುತ್ತಾರೆ. ಗೋವಾ ಸರಕಾರ 2019ರಲ್ಲಿ ಗುಮಟೆಯನ್ನು ತನ್ನ ಪಾರಂಪರಿಕ ವಾದ್ಯವೆಂದು ಘೋಷಿಸಿದೆ. ರೋಸ್ ಹಾಲ್‌ಗೆ ಸ್ಥಳಾಂತರಗೊಂಡು ಡಿಜೆ ಬಂದ ಮೇಲೆ ಆ ಮನೆಯ ಶಾಲೆಯೂ ಬಹುಮಟ್ಟಿಗೆ ಮುಚ್ಚಿತು.

ಬಲಿಪೂಜೆಯೇ ಏಕೈಕ ವೇದಿಕೆಯಾದಾಗ

ಒಂದು ಸೂಕ್ಷ್ಮ ವಿಚಾರವನ್ನು ಇಲ್ಲಿ ಹೇಳಲೇಬೇಕು. ಊರಿನಲ್ಲಿ ಹಾಡಲು, ನುಡಿಸಲು ಬೇರೆ ಯಾವ ಅವಕಾಶವೂ ಇಲ್ಲದಿದ್ದರೆ ಎಲ್ಲರ ಆಸೆಯೂ ಭಾನುವಾರದ ಬಲಿಪೂಜೆಯ ಮೇಲೆಯೇ ಬಂದು ಬೀಳುತ್ತದೆ. ಕಾಣಿಕೆ ಗೀತೆ ಉದ್ದವಾಗುತ್ತದೆ. ಪರಮ ಪ್ರಸಾದದ ಬಳಿಕ ಒಂಟಿ ಗಾಯನ ಸೇರಿಕೊಳ್ಳುತ್ತದೆ. ಹೊಸ ಹಾಡೊಂದನ್ನು ಕೊಯರಿನವರಷ್ಟೇ ಹಾಡಿ, ಭಕ್ತರು ಪುಸ್ತಕ ಮಡಚಿ ಕೇಳುತ್ತಾ ನಿಲ್ಲುತ್ತಾರೆ. ಧರ್ಮಗುರುಗಳು ಬೇಸರಿಸುತ್ತಾರೆ, ಕೊಯರಿನವರು ಮುನಿಸಿಕೊಳ್ಳುತ್ತಾರೆ. ಈ ಜಗಳ ಕಾಣದ ಧರ್ಮಕೇಂದ್ರ ವಿರಳ.

ಧರ್ಮಸಭೆಗೆ ಈ ಸಮಸ್ಯೆ ಹೊಸತಲ್ಲ. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಾಳ ಹಬ್ಬದ ದಿನ, ಹತ್ತನೇ ಪಯಸ್ ಪೋಪರು ಹೊರಡಿಸಿದ ಆದೇಶದಲ್ಲಿ ಇಗರ್ಜಿಯೊಳಗೆ ಪಿಯಾನೊ ನುಡಿಸುವುದನ್ನೇ ನಿಷೇಧಿಸಿದ್ದರು. ನಗಾರಿ, ತಾಳಗಳಂತಹ ಸದ್ದಿನ ವಾದ್ಯಗಳೂ ಆ ಪಟ್ಟಿಯಲ್ಲಿದ್ದವು. ರಂಗಮಂದಿರದ ಶೈಲಿ ಪೂಜೆಯೊಳಗೆ ನುಗ್ಗಿದೆ ಎಂಬುದು ಅವರ ಕಳವಳ. ಅರುವತ್ತು ವರ್ಷಗಳ ಬಳಿಕ, 1963ರ ಡಿಸೆಂಬರಿನಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯ ಆರಾಧನಾ ದಾಖಲೆ ಬಾಗಿಲನ್ನು ವಿಶಾಲವಾಗಿ ತೆರೆಯಿತು. ಆಯಾ ನಾಡಿನ ಸಂಗೀತ ಸಂಪ್ರದಾಯಕ್ಕೆ ಗೌರವ ಸಲ್ಲಬೇಕು, ಆರಾಧನೆಗೆ ಹೊಂದುವ ಬೇರೆ ವಾದ್ಯಗಳನ್ನೂ ಅಧಿಕಾರಿಗಳ ಸಮ್ಮತಿಯಿಂದ ಬಳಸಬಹುದು, ಗಾಯನ ಮಂಡಳಿಗಳನ್ನು ಶ್ರದ್ಧೆಯಿಂದ ಬೆಳೆಸಬೇಕು ಎಂದಿತು. ಅದರೊಂದಿಗೆ, ನೆರೆದ ಎಲ್ಲರೂ ಹಾಡುವಂತಾಗಬೇಕು ಎಂದೂ ಹೇಳಿತು. 1967ರ ‘ಮ್ಯೂಸಿಕಾಂ ಸಾಕ್ರಾಂ’ ಎಂಬ ಸೂಚನಾಪತ್ರ ಇದನ್ನೇ ಇನ್ನಷ್ಟು ವಿವರಿಸಿತು. ನಮ್ಮ ಚರ್ಚುಗಳಲ್ಲಿ ತಬಲ, ಕೊಳಲು, ಗುಮಟೆಗಳಿಗೆ ಜಾಗ ಸಿಕ್ಕಿರುವುದರ ಹಿಂದೆ ಈ ಬದಲಾವಣೆಯಿದೆ.

ಹಾಡುವವರ ಆಸೆ ತಪ್ಪೆಂದು ನಾವು ಹೇಳುವುದಿಲ್ಲ. ಕಷ್ಟಪಟ್ಟು ಕಲಿತದ್ದನ್ನು ನಾಲ್ಕು ಜನ ಕೇಳಲಿ ಎಂದು ಬಯಸುವುದು ಸಹಜ. ಆ ಆಸೆಗೆ ಬೇರೊಂದು ಜಾಗ ಬೇಕು. ಅದು ಸಿಕ್ಕಿದರೆ ಬಲಿಪೂಜೆಯ ಹಾಡು ಮತ್ತೆ ಎಲ್ಲರ ಹಾಡಾಗುತ್ತದೆ.

ದಿನಾಂಕ ಮೊದಲೇ ನಿಗದಿಯಾಗಿರಲಿ

ವೇದಿಕೆ ಎಂದಾಕ್ಷಣ ನಮ್ಮ ಮನಸ್ಸಿಗೆ ಬರುವುದು ವರ್ಷಕ್ಕೊಮ್ಮೆಯ ದೊಡ್ಡ ಕಾರ್ಯಕ್ರಮ. ಶಾಮಿಯಾನ, ಬಣ್ಣದ ದೀಪ, ಮುಖ್ಯ ಅತಿಥಿಗಳು, ಶಾಲು, ಹಾರ, ಫಲತಾಂಬೂಲ. ಸ್ವಾಗತ ಭಾಷಣದಿಂದ ವಂದನಾರ್ಪಣೆಯವರೆಗಿನ ಹೊತ್ತಿನಲ್ಲಿ ಹಾಡಬೇಕಿದ್ದ ಸಣ್ಣ ಮಕ್ಕಳು ತಾಯಂದಿರ ಮಡಿಲಲ್ಲಿ ನಿದ್ದೆ ಹೋಗಿರುತ್ತಾರೆ. ಇಂತಹ ವೇದಿಕೆಯಿಂದ ಕಲಿಕೆಗೆ ಆಗುವ ಲಾಭ ಅಲ್ಪ. ಕಲಿಯುವವರಿಗೆ ಬೇಕಾದುದು ಚಿಕ್ಕದಾದ, ಪದೇ ಪದೇ ಬರುವ, ತಪ್ಪಿದರೂ ಯಾರೂ ನಗದ ಅವಕಾಶ.

ಮಂಗಳೂರಿನ ಶಕ್ತಿನಗರದ ಕಲಾಂಗಣ್ ಇದಕ್ಕೆ ಉತ್ತಮ ಉದಾಹರಣೆ. 1986ರಲ್ಲಿ ಎರಿಕ್ ಒಝೇರಿಯೊ ಅವರ ಮುಂದಾಳತ್ವದಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಸಂಸ್ಥೆ, 2002ರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಅಲ್ಲಿ ‘ಮ್ಹಯ್ನ್ಯಾಳಿ ಮಾಂಚಿ’ ಎಂಬ ತಿಂಗಳ ವೇದಿಕೆಯನ್ನು ನಡೆಸಿಕೊಂಡು ಬಂದಿದೆ. ಹಾಡು, ನಾಟಕ, ನೃತ್ಯ, ವಾದ್ಯ ಎಲ್ಲವೂ ಸರದಿಯಂತೆ ಬರುತ್ತವೆ. ಈ ಸಂಸ್ಥೆಯ ಹೆಸರು ಹೊರಜಗತ್ತಿಗೆ ಗೊತ್ತಾದದ್ದು 2008ರ ಜನವರಿ 26 ಮತ್ತು 27ರಂದು, 40 ಗಂಟೆಗಳ ನಿರಂತರ ಕೊಂಕಣಿ ಗಾಯನದ ಗಿನ್ನೆಸ್ ದಾಖಲೆಯಿಂದ. ಆದರೆ ನಮಗೆ ದಾಖಲೆಗಿಂತ ಆ ತಿಂಗಳ ಭಾನುವಾರವೇ ದೊಡ್ಡದಾಗಿ ಕಾಣುತ್ತದೆ. ಎರಡು ದಶಕಗಳಿಗೂ ಮೀರಿ ತಿಂಗಳಿಗೊಂದು ಕಾರ್ಯಕ್ರಮ ಹೊಂದಿಸುವುದು ಎಂತಹ ದುಡಿಮೆ ಎಂಬುದು ಒಂದು ವಾರ್ಷಿಕೋತ್ಸವ ನಡೆಸಿ ಸುಸ್ತಾದವರಿಗೆ ತಿಳಿದೀತು.

ಯಕ್ಷಗಾನದವರಿಂದಲೂ ನಾವು ಕಲಿಯಬಹುದು. ಸಾಲಿಗ್ರಾಮದಲ್ಲಿ 1975ರಷ್ಟು ಹಿಂದೆಯೇ ಮಕ್ಕಳ ಮೇಳ ಕಟ್ಟಿದ್ದಾರೆ. ಉಡುಪಿಯಲ್ಲಿ ಶಾಲಾ ಮಕ್ಕಳಿಗೆ ವರ್ಷದ ಮೊದಲರ್ಧದಲ್ಲಿ ಹೆಜ್ಜೆ, ಮಾತು, ತಾಳ ಕಲಿಸಿ, ವರ್ಷದ ಕೊನೆಗೆ ‘ಕಿಶೋರ ಯಕ್ಷಗಾನ ಸಂಭ್ರಮ’ದಲ್ಲಿ ಬಣ್ಣ ಹಚ್ಚಿ ರಂಗಕ್ಕೆ ತರುವ ಕ್ರಮವಿದೆ. ಕಲಿಕೆ ಆರಂಭವಾಗುವ ದಿನವೇ ಪ್ರದರ್ಶನವಿದೆ ಎಂಬುದು ಮಗುವಿಗೂ ಗೊತ್ತು, ಗುರುವಿಗೂ ಗೊತ್ತು. ಹಾಗಾಗಿ ಯಾರೂ ಕಾಲ ಕಳೆಯುವುದಿಲ್ಲ.

ಧರ್ಮಕೇಂದ್ರದಲ್ಲಿ ಇದನ್ನು ಇನ್ನಷ್ಟು ಸರಳವಾಗಿ ಮಾಡಬಹುದು. ತಿಂಗಳ ಒಂದು ನಿಶ್ಚಿತ ಸಂಜೆ, ಮಿನಿ ಹಾಲ್ ಅಥವಾ ಶಾಲೆಯ ಒಂದು ಕೊಠಡಿ, ಒಂದು ಗಂಟೆ. ಒಬ್ಬೊಬ್ಬರಿಗೆ ಮೂರು ನಾಲ್ಕು ನಿಮಿಷ. ಭಾಷಣ ಬೇಡ, ಬಹುಮಾನ ಬೇಡ, ಟ್ರ್ಯಾಕ್ ಬೇಡ. ಗ್ರೇಡ್ ಪರೀಕ್ಷೆಗೆ ಸಿದ್ಧವಾಗುತ್ತಿರುವ ಮಗು ತನ್ನ ಕೃತಿಯನ್ನು ಅಲ್ಲಿ ಒಮ್ಮೆ ನುಡಿಸಲಿ, ಜೊತೆಗೆ ಒಂದು ಹಾಡಿಗೆ ಸಾಥ್ ಕೊಡಲಿ. ಕರ್ನಾಟಕ ಸಂಗೀತದ ಜೂನಿಯರ್ ಮುಗಿಸಿದ ನೆರೆಮನೆಯ ಹಿಂದೂ ಹುಡುಗಿ ಒಂದು ಕೀರ್ತನೆ ಹಾಡಿದರೆ ನಷ್ಟವೇನು? ನಮ್ಮ ಮಕ್ಕಳ ಕಿವಿಗೆ ಅದು ಲಾಭವೇ. ಊರಿನ ವೇದಿಕೆ ಊರಿನ ಎಲ್ಲರದೂ ಆದರೆ ಮಾತ್ರ ಬಾಳುತ್ತದೆ.

ತರಗತಿ ಹೇಗಿರಬೇಕು

ಮೊದಲ ಮಾತು ಶಿಕ್ಷಕರ ಬಗ್ಗೆ. ದೇವರ ಸೇವೆ ಎಂಬ ಹೆಸರಿನಲ್ಲಿ ಪುಕ್ಕಟೆ ಕಲಿಸಲು ಕೇಳುವ ಅಭ್ಯಾಸ ನಮ್ಮಲ್ಲಿದೆ. ಶಾಮಿಯಾನದವರಿಗೆ, ಕೇಟರಿಂಗಿನವರಿಗೆ ಕೊಡುವಾಗ ನಾವು ಸೇವೆಯ ಮಾತೆತ್ತುವುದಿಲ್ಲ. ಸಂಗೀತ ಕಲಿಸುವವರಿಗೂ ಹೊಟ್ಟೆಯಿದೆ. ನ್ಯಾಯವಾದ ಸಂಭಾವನೆ ಕೊಟ್ಟರೆ ಅವರು ವಾರ ತಪ್ಪಿಸುವುದಿಲ್ಲ, ತಪ್ಪಿಸಿದರೆ ಕೇಳುವ ಹಕ್ಕೂ ನಮಗಿರುತ್ತದೆ. ಮಕ್ಕಳಿಂದ ಸಣ್ಣ ಶುಲ್ಕ ಪಡೆಯುವುದು ಒಳ್ಳೆಯದು. ಕೊಡಲಾಗದವರ ಪಾಲನ್ನು ಧರ್ಮಕೇಂದ್ರವೋ ದಾನಿಗಳೋ ಭರಿಸಲಿ, ಆ ಮಕ್ಕಳು ಯಾರೆಂಬುದು ಶಿಕ್ಷಕರಿಗೂ ತಿಳಿಯದಿರಲಿ.

ಎರಡನೆಯದು ಸ್ವರಲಿಪಿ. ಪಾಶ್ಚಾತ್ಯ ಗೆರೆಗಳ ಲಿಪಿಯನ್ನು ಮೊದಲ ದಿನವೇ ಮುಂದಿಟ್ಟರೆ ಹಲವು ಮಕ್ಕಳು ಹೆದರುತ್ತಾರೆ. ಆರಂಭದ ಕೆಲವು ತಿಂಗಳು ಸರಿಗಮವನ್ನೇ ಬಳಸಿ ಹಾಡಿಸಬಹುದು. ಶ್ರುತಿ ಯಾವುದಾದರೂ ‘ಸ’ ಎಂಬುದು ಆಧಾರ ಸ್ವರ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಜನಸಾಮಾನ್ಯರಿಗೆ ಕೊಯರ್ ಹಾಡು ಕಲಿಸಲು ಪ್ರಚುರಪಡಿಸಿದ ‘ಟಾನಿಕ್ ಸೊಲ್-ಫಾ’ ಪದ್ಧತಿಯ ತತ್ವವೂ ಇದೇ, ಅಲ್ಲಿ ‘ಡೊ’ ಚಲಿಸುತ್ತದೆ. ಮಗುವಿಗೆ ಗೊತ್ತಿರುವ ಒಂದು ಭಕ್ತಿಗೀತೆಯ ಸಾಹಿತ್ಯದ ಮೇಲೆ ಕನ್ನಡ ಅಕ್ಷರದಲ್ಲಿ ಸರಿಗಮ ಬರೆದು ಹಾಡಿಸಿ, ಅದನ್ನೇ ‘ಸಿ’ಯಲ್ಲಿ, ‘ಡಿ’ಯಲ್ಲಿ, ‘ಜಿ’ಯಲ್ಲಿ ನುಡಿಸಲು ಹೇಳಿದರೆ ಟ್ರಾನ್ಸ್‌ಪೋಸ್ ಗುಂಡಿಯ ಕಾಟ ಅಲ್ಲಿಗೇ ತಪ್ಪುತ್ತದೆ. ಗೆರೆಗಳ ಲಿಪಿ ಆಮೇಲೆ ಬರಲಿ, ಬರಲೇಬೇಕು. ಏಕೆಂದರೆ ಎಬಿಆರ್‌ಎಸ್‌ಎಮ್‌ನ ಆರನೇ ಗ್ರೇಡಿನ ಪ್ರಾಯೋಗಿಕ ಪರೀಕ್ಷೆಗೆ ಕುಳಿತುಕೊಳ್ಳಲು ಐದನೇ ಗ್ರೇಡಿನ ಥಿಯರಿ ಅಥವಾ ಅದಕ್ಕೆ ಸಮಾನವಾದುದು ಪಾಸಾಗಿರಬೇಕು. ಥಿಯರಿ ಬೇಡವೆಂದು ದೂಡಿದ ಮಕ್ಕಳು ಅಲ್ಲಿಯೇ ನಿಂತುಬಿಡುತ್ತಾರೆ.

ಹುಡುಗರ ಬಗ್ಗೆ ಒಂದು ಮಾತು. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಸ್ವರ ಒಡೆಯುತ್ತದೆ. ನಿನ್ನೆಯವರೆಗೆ ಇಂಪಾಗಿ ಹಾಡುತ್ತಿದ್ದವನ ಗಂಟಲು ಎಲ್ಲರ ಮುಂದೆ ಕೈಕೊಡುತ್ತದೆ, ಗೆಳೆಯರು ನಗುತ್ತಾರೆ, ಅವನು ಕೊಯರ್ ಬಿಡುತ್ತಾನೆ. ನಮ್ಮ ಕೊಯರುಗಳಲ್ಲಿ ಗಂಡಸರ ಧ್ವನಿ ಕಡಿಮೆಯಾಗಲು ಇದೂ ಒಂದು ಕಾರಣವೆಂದು ನಮಗನಿಸುತ್ತದೆ. ಆ ಒಂದೆರಡು ವರ್ಷ ಅವನ ಕೈಗೆ ಗಿಟಾರೋ ತಬಲವೋ ಕೊಟ್ಟು ಹತ್ತಿರದಲ್ಲೇ ಉಳಿಸಿಕೊಂಡರೆ, ಮರಳಿ ಹಾಡುವಾಗ ಅವನು ಟೆನರ್ ಅಥವಾ ಬೇಸ್ ಆಗಿರುತ್ತಾನೆ.

ವಾದ್ಯಗಳ ಖರೀದಿಯಲ್ಲಿ ಆತುರ ಬೇಡ. ಎಳೆಯ ಮಕ್ಕಳಿಗೆ ಪೂರ್ಣ ಅಳತೆಯ ಪಿಟೀಲು ಹಿಡಿಯಲಾಗದು. ಕಾಲು, ಅರೆ, ಮುಕ್ಕಾಲು ಅಳತೆಯವು ಸಿಗುತ್ತವೆ. ಮಗು ಬೆಳೆದಂತೆ ವಾದ್ಯ ಬದಲಾಗಬೇಕಾದುದರಿಂದ ಮನೆಮನೆಯಲ್ಲಿ ಕೊಳ್ಳುವುದಕ್ಕಿಂತ ಧರ್ಮಕೇಂದ್ರವೇ ಕೊಂಡು, ಗ್ರಂಥಾಲಯದ ಪುಸ್ತಕದಂತೆ ರಿಜಿಸ್ಟರಿನಲ್ಲಿ ಬರೆದು ಎರವಲು ಕೊಡುವುದು ಜಾಣತನ. ಪಿಯಾನೊಗೆ 88 ಕೀಲಿಗಳಿವೆ, ಆದರೆ ಆರಂಭದ ಗ್ರೇಡುಗಳಿಗೆ ಒತ್ತಡಕ್ಕೆ ತಕ್ಕಂತೆ ಸದ್ದು ಹೆಚ್ಚುಕಡಿಮೆಯಾಗುವ 61 ಕೀಲಿಗಳ ಕೀಬೋರ್ಡ್ ಸಾಕು. ಇನ್ನು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಟಾರಿನ ತಂತಿ ತುಕ್ಕು ಹಿಡಿಯುತ್ತದೆ, ಪಿಟೀಲಿನ ಅಂಟು ಬಿಡುತ್ತದೆ, ತಬಲದ ಚರ್ಮ ಸಡಿಲಾಗುತ್ತದೆ, ಹಾರ್ಮೋನಿಯಂ ತಿದಿಯ ಬಟ್ಟೆಗೆ ಬೂಷ್ಟು ಬರುತ್ತದೆ. ಕಡಲಿನ ಉಪ್ಪುಗಾಳಿ ಬೇರೆ. ಕಿಟಕಿಯ ಬಳಿ ಇಡದೆ, ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ವಾರಕ್ಕೊಮ್ಮೆಯಾದರೂ ತೆಗೆದು ನುಡಿಸಿದರೆ ಬಾಳಿಕೆ ಬರುತ್ತದೆ. ಹಬ್ಬಕ್ಕೆ ಮಾತ್ರ ಹೊರತೆಗೆಯುವ ವಾದ್ಯ ಬೇಗನೆ ಹಾಳಾಗುತ್ತದೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಸಂಕೋಚ ಸಲ್ಲದು. ತರಗತಿಯ ಬಾಗಿಲು ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿಗೆ ಪಾಠ ಬೇಡ, ಹೆತ್ತವರು ಯಾವಾಗ ಬೇಕಾದರೂ ಬಂದು ಕುಳಿತುಕೊಳ್ಳುವಂತಿರಲಿ. 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಶಿಕ್ಷಕರಿಗೂ ಸಮಿತಿಯವರಿಗೂ ತಿಳುವಳಿಕೆ ಇರಬೇಕು.

ದೊಡ್ಡವರಿಗೂ ಒಂದು ಬೆಂಚು

ಸಂಗೀತ ತರಗತಿ ಎಂದರೆ ಮಕ್ಕಳಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಊರಿನಲ್ಲಿ ಉಳಿಯುವವರು ಯಾರು ಎಂದು ಯೋಚಿಸಿ ನೋಡಿ. ಹದಿನೆಂಟು ತುಂಬಿದವರು ಹೊರಡುತ್ತಾರೆ, ನಲುವತ್ತು ದಾಟಿದವರು ಉಳಿಯುತ್ತಾರೆ. ಗಲ್ಫ್‌ನಿಂದ ಮರಳಿ ಬಂದವರು, ನಿವೃತ್ತ ಶಿಕ್ಷಕಿಯರು, ಮಕ್ಕಳನ್ನು ದಡ ಸೇರಿಸಿದ ತಾಯಂದಿರು. ಕೊಯರಿಗೆ ಮುಂದಿನ ಇಪ್ಪತ್ತು ವರ್ಷ ಆಧಾರವಾಗಬಲ್ಲವರು ಇವರೇ.

ದೊಡ್ಡವರಿಗೆ ಇರುವ ಅಡ್ಡಿಗಳೇ ಬೇರೆ. ಬೆರಳು ಮಕ್ಕಳಷ್ಟು ಬೇಗ ಬಾಗುವುದಿಲ್ಲ, ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಮೊಮ್ಮಗನ ವಯಸ್ಸಿನವರ ಜೊತೆ ಕುಳಿತು ತಪ್ಪು ನುಡಿಸಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ಅವರಿಗೆ ಪ್ರತ್ಯೇಕ ತಂಡವಿರಲಿ, ಕೀಬೋರ್ಡಿಗಿಂತ ಮೊದಲು ಹಾಡಿನಿಂದ ಆರಂಭವಾಗಲಿ. ಅವರಲ್ಲಿರುವ ಬಂಡವಾಳವೂ ದೊಡ್ಡದು. ನೂರಾರು ಭಕ್ತಿಗೀತೆಗಳು ಬಾಯಿಗೆ ಬರುತ್ತವೆ. 2010ರಲ್ಲಿ ನಮ್ಮನ್ನಗಲಿದ ‘ಕೊಂಕಣ್ ಕೋಗುಳ್’ ವಿಲ್ಫಿ ರೆಬಿಂಬಸ್ ಅವರ ಹಾಡುಗಳು ಗೊತ್ತಿಲ್ಲದ ಕೊಂಕಣಿ ಮನೆ ನಮ್ಮ ಕಡೆ ಉಂಟೇ? ಗೊತ್ತಿರುವ ಹಾಡಿಗೆ ಎರಡನೇ ಧ್ವನಿ ಸೇರಿಸಿ ಹಾಡುವುದನ್ನು ಕಲಿಸಿದರೆ ಕೆಲವೇ ವಾರಗಳಲ್ಲಿ ತಂಡಕ್ಕೆ ಹೊಸ ಉತ್ಸಾಹ ಬರುತ್ತದೆ. ಗಿಟಾರ್ ಬೇಕೆನ್ನುವವರಿಗೆ ಮೂರು ಕಾರ್ಡ್ ಸಾಕು, ನಮ್ಮ ಎಷ್ಟೋ ಹಾಡುಗಳು ಆ ಮೂರರಲ್ಲೇ ಮುಗಿಯುತ್ತವೆ.

ಇದಕ್ಕೆ ಹೊಸ ಸಮಯ ಹುಡುಕಬೇಕಾಗಿಯೂ ಇಲ್ಲ. ಶನಿವಾರ ಮಕ್ಕಳ ತರಗತಿ ನಡೆಯುವ ಮುಕ್ಕಾಲು ಗಂಟೆ ಹೊರಗಿನ ಜಗಲಿಯಲ್ಲಿ ಹತ್ತಾರು ತಾಯಂದಿರು, ಕೆಲವು ಅಜ್ಜಂದಿರು ಮೊಬೈಲ್ ನೋಡುತ್ತಾ ಕುಳಿತಿರುತ್ತಾರೆ. ಅವರನ್ನು ಪಕ್ಕದ ಕೊಠಡಿಗೆ ಕರೆದರೆ ಅದೇ ಒಂದು ಗಾಯನ ತಂಡ. ಅವರಲ್ಲಿ ವೊವಿಯೊ ಬಲ್ಲ ಒಬ್ಬ ಹಿರಿಯ ಬಾಯಮ್ಮ ಇದ್ದರೆ ಆ ದಿನ ಅವರೇ ಗುರು. ಮಕ್ಕಳೂ ಬಂದು ಕೇಳಲಿ, ಗುಮಟೆ ಇದ್ದರೆ ಹೊರತೆಗೆಯಲಿ.

ಮನೆಯ ಅಭ್ಯಾಸದ ಬಗ್ಗೆ ಮಕ್ಕಳಿಗೂ ದೊಡ್ಡವರಿಗೂ ಹೇಳುವುದು ಒಂದೇ: ಭಾನುವಾರ ಎರಡು ಗಂಟೆ ಕುಳಿತುಕೊಳ್ಳುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಮೇಲು. ಸಂಜೆಯ ಜಪಸರಕ್ಕೆ ಮುಂಚಿನ ಹದಿನೈದು ನಿಮಿಷವೆಂದು ಇಟ್ಟುಕೊಂಡರೆ ಮರೆತುಹೋಗುವುದಿಲ್ಲ.

ಶಾಲೆ ಆರಂಭವಾಗುವ ಜೂನ್‌ನಲ್ಲಿ ತರಗತಿ ತೊಡಗಿದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಸಣ್ಣ ಮಕ್ಕಳು ಒಂದು ಹೂವಿನ ಹಾಡನ್ನು ಶ್ರುತಿಯಲ್ಲಿ ಹಾಡಬಲ್ಲರು. ನವೆಂಬರ್ 22ರ ಸಿಸಿಲಿಯಾ ಹಬ್ಬಕ್ಕೆ ಹೊತ್ತಾಗುವಾಗ, ಸುಮಾರು ಇಪ್ಪತ್ತನಾಲ್ಕು ಪಾಠಗಳ ಬಳಿಕ, ಹೊಸದಾಗಿ ಕೀಬೋರ್ಡ್ ಹಿಡಿದವರು ಬಲಗೈಯಲ್ಲಿ ಸ್ವರ, ಎಡಗೈಯಲ್ಲಿ ಮೂರು ಕಾರ್ಡ್ ಹಿಡಿದು ಒಂದು ಹಾಡಿಗೆ ಜೊತೆ ಕೊಡಬಲ್ಲರು. ಆ ಸಂಜೆಯನ್ನು ಮೊದಲ ವೇದಿಕೆಗೆಂದು ಈಗಲೇ ಗುರುತು ಹಾಕಿಡಬಹುದು. ಅದಾಗಿ ತಿಂಗಳೊಳಗೆ ಕ್ರಿಸ್ಮಸ್ ಕ್ಯಾರೊಲ್ ತಂಡ ಮನೆಮನೆಗೆ ಹೊರಡುತ್ತದೆ, ಅಷ್ಟರಲ್ಲಿ ಗಿಟಾರ್ ಹೊತ್ತುಕೊಳ್ಳಲು ಒಬ್ಬನ ಬದಲು ನಾಲ್ವರು ಇರುತ್ತಾರೆ.